ಆಗ್ನೆತಾ ಮನೆಯ ನೆಲ ಮತ್ತು ವಿರೋಧ ಪಕ್ಷ

ನಮ್ಮ ಹಾವ್ರೂಪ್ ಪುರಸಭೆಯಲ್ಲಿ ವಿರೋಧ ಪಕ್ಷ ಅಂತ ಇರುವುದು ಒಬ್ಬನೇ ಒಬ್ಬ. ಅವನು ನನ್ನ ಗಂಡ ಪ್ರೇಬೆನ್. ಒಂದು ಕಾಲದಲ್ಲಿ ಅವನ ಪಕ್ಷದವರು ಮೇಜಿನ ಒಂದು ಬದಿ ಪೂರ್ತಿ ಕೂರುತ್ತಿದ್ದರು. ಚುನಾವಣೆಯಿಂದ ಚುನಾವಣೆಗೆ ಒಬ್ಬೊಬ್ಬರೇ ಕರಗಿ, ಈಗ ಬಾಗಿಲ ಪಕ್ಕದ ಕುರ್ಚಿಯಲ್ಲಿ ಇವನೊಬ್ಬ ಉಳಿದಿದ್ದಾನೆ. ಪಕ್ಷದ ಸಭೆ ನಮ್ಮ ಅಡುಗೆಮನೆಯಲ್ಲೇ ನಡೆಯುತ್ತದೆ. ನಾಯಕ, ಉಪನಾಯಕ, ಕಾರ್ಯದರ್ಶಿ ಮೂವರೂ ಇವನೇ ಆದ್ದರಿಂದ ನಿರ್ಣಯಗಳೆಲ್ಲ ಸರ್ವಾನುಮತದಿಂದ ಅಂಗೀಕಾರವಾಗುತ್ತವೆ. ಕಾಫಿ ಮಾತ್ರ ನಾನು ಮಾಡಬೇಕು.

ವಿರೋಧ ಪಕ್ಷದ ಕೆಲಸವೆಂದರೆ ಪ್ರಶ್ನೆ ಕೇಳುವುದು. ವೃತ್ತದ ನಡುವೆ ನಿಲ್ಲಿಸಿದ ಆ ತುಕ್ಕು ಹಿಡಿದ ಕಬ್ಬಿಣದ ಕಲಾಕೃತಿಗೆ ಯಾಕೆ ಅಷ್ಟು ಖರ್ಚಾಯಿತು, ಅದನ್ನು ತುಕ್ಕು ಹಿಡಿಸಿಯೇ ಕೊಂಡದ್ದೋ ಆಮೇಲೆ ಹಿಡಿಯಿತೋ, ಈಜುಕೊಳದ ನೀರು ಬೆಚ್ಚಗಿರಬೇಕಾದರೆ ಶಾಲೆಯ ಕೋಣೆ ಯಾಕೆ ತಣ್ಣಗಿರಬೇಕು, ಇಂಥವು. ಇವನು ಎದ್ದು ನಿಂತು ಕೇಳುವಾಗ ಉಳಿದವರು ಬೆಣ್ಣೆ ಪೇಸ್ಟ್ರಿ ತಿನ್ನುತ್ತಾರೆ. ಕೊನೆಗೆ ಮೇಯರ್ ವಿಬೆಕೆ ತಲೆಯಾಡಿಸಿ, "ಒಳ್ಳೇ ಪ್ರಶ್ನೆ, ಪ್ರೇಬೆನ್" ಅನ್ನುತ್ತಾಳೆ. ನಮ್ಮ ಕಡೆ ಒಳ್ಳೇ ಪ್ರಶ್ನೆ ಅಂದರೆ ಅದಕ್ಕೆ ಉತ್ತರ ಯಾರೂ ಕೊಡುವುದಿಲ್ಲ ಎಂದು ಅರ್ಥ. ಇವನು ಥ್ಯಾಂಕ್ಸ್ ಹೇಳಿ ಕೂರುತ್ತಾನೆ.

ಇಡೀ ಸರ್ಕಾರವನ್ನು ಪ್ರಶ್ನಿಸುವ ಈ ಮನುಷ್ಯನಿಗೆ ಎದುರಿಗೆ ನಿಂತ ಒಬ್ಬರಿಗೆ "ನೀವು ತಪ್ಪು ತಿಳಿದಿದ್ದೀರಿ" ಎಂದು ಹೇಳುವ ಧೈರ್ಯ ಇಲ್ಲ. ಇದು ಅವನ ಹುಟ್ಟುಗುಣ. ಒಮ್ಮೆ ಛತ್ರದಲ್ಲಿ ತಪ್ಪು ಕೋಣೆಗೆ ಹೊಕ್ಕು, ಯಾರೋ ಗುರುತಿಲ್ಲದವರ ಮದುವೆಯ ಬೆಳ್ಳಿಹಬ್ಬದ ಊಟಕ್ಕೆ ಕೂತು, ಗ್ಲಾಸು ಎತ್ತಿ ದಂಪತಿಯನ್ನು ಹೊಗಳಿ ಭಾಷಣವನ್ನೂ ಮಾಡಿ ಬಂದಿದ್ದ. ಯಾಕಯ್ಯಾ ಹೀಗೆ ಮಾಡಿದೆ ಎಂದರೆ, "ಅವರು ಅಷ್ಟು ಸಂತೋಷವಾಗಿದ್ರು ಸೋಲ್ವೈ, ಬೇಜಾರ್ ಮಾಡೋಕೆ ಮನಸ್ಸು ಬರಲಿಲ್ಲ" ಎಂದ. ಆ ದಂಪತಿ ಈಗಲೂ ಕ್ರಿಸ್‌ಮಸ್‌ಗೆ ನಮಗೆ ಕಾರ್ಡು ಹಾಕುತ್ತಾರೆ.

ಕಳೆದ ಶರತ್ಕಾಲದಲ್ಲಿ ವಿಬೆಕೆ ಒಂದು ಹೊಸ ಯೋಜನೆ ತಂದಳು. ಮುದುಕರ ಮನೆ ಗುಡಿಸಿ ಒರೆಸುವುದಕ್ಕೆ ಪುರಸಭೆಯ ಸಹಾಯಕಿ ಹದಿನೈದು ದಿನಕ್ಕೊಮ್ಮೆ ಹೋಗುತ್ತಾಳಲ್ಲ, ಅದನ್ನು ತಿಂಗಳಿಗೊಮ್ಮೆ ಮಾಡುವುದು. ಹಾಗೆಂದು ಬಾಯಿಬಿಟ್ಟು ಹೇಳಿದರೆ ಯಾರಿಗೂ ಹಿಡಿಸುವುದಿಲ್ಲವಾದ್ದರಿಂದ ಅದಕ್ಕೆ 'ನನ್ನ ಮನೆ, ನನ್ನ ಶಕ್ತಿ' ಎಂದು ಹೆಸರಿಟ್ಟರು. ಸಹಾಯ ಕಡಿಮೆಯಾದಷ್ಟೂ ಮುದುಕರ ಸ್ವಾವಲಂಬನೆ ಹೆಚ್ಚುತ್ತದಂತೆ. ಮೊದಲು ಗಾಳಿಗಿರಣಿ ರಸ್ತೆಯ ಮನೆಗಳಲ್ಲಿ ಪ್ರಯೋಗ, ಅಲ್ಲಿ ಎಲ್ಲ ಸರಿಹೋದರೆ ಊರಿಗೆಲ್ಲ.

ಪ್ರೇಬೆನ್ ಎದ್ದು ಅಂಕಿ ಅಂಶಗಳನ್ನು ಓದತೊಡಗಿದ. ವಿಬೆಕೆ ಪೇಸ್ಟ್ರಿ ತಟ್ಟೆಯ ಮೇಲಿಟ್ಟು ಕೇಳಿದಳು, "ನಿಮ್ಮ ಹತ್ರ ಅಂಕಿ ಇದೆ, ಸರಿ. ಗಾಳಿಗಿರಣಿ ರಸ್ತೇಲಿ ಒಬ್ಬರನ್ನಾದ್ರೂ ಹೋಗಿ ಮಾತಾಡ್ಸಿದೀರಾ?"

ಇವನು ಮಾತಾಡಿಸಿರಲಿಲ್ಲ. ಸಭೆ ನಕ್ಕಿತು. ಆ ನಗು ಮನೆಯವರೆಗೂ ಅವನ ಬೆನ್ನಿಗೆ ಬಂದಿತ್ತು. ಅದೇ ವಾರದ ಬುಧವಾರ ಟೈ ಕಟ್ಟಿಕೊಂಡು ಹೊರಟ.

ಮುಂದೆ ನಡೆದದ್ದಕ್ಕೆಲ್ಲ ಕಾರಣ ಒಂದು ಜೊತೆ ನೀಲಿ ಪ್ಲಾಸ್ಟಿಕ್ ಹೊದಿಕೆ. ಆ ಬೆಳಿಗ್ಗೆ ಅವನು ಹಾಲಿನ ಡೈರಿ ನೋಡಲು ಹೋಗಿದ್ದ. ಅಲ್ಲಿ ಶೂಗಳ ಮೇಲೆ ಹಾಕಿಕೊಳ್ಳಲು ಕೊಟ್ಟದ್ದನ್ನು ಜೇಬಿಗಿಳಿಸಿದ್ದ. ಬಿಟ್ಟಿ ಸಿಕ್ಕಿದ್ದನ್ನು ಎಸೆದು ಗೊತ್ತಿಲ್ಲ ನನ್ನ ಗಂಡನಿಗೆ. ಗಾಳಿಗಿರಣಿ ರಸ್ತೆಯಲ್ಲಿ ಕೆಸರಿತ್ತು. ಆಗ್ನೆತಾ ಎಂಬ ವಯಸ್ಸಾದ ಒಬ್ಬಂಟಿ ಹೆಂಗಸಿನ ಬಾಗಿಲು ತಟ್ಟುವ ಮೊದಲು ಸಭ್ಯಸ್ಥನಂತೆ ಆ ನೀಲಿ ಹೊದಿಕೆಗಳನ್ನು ಶೂಗೆ ಏರಿಸಿಕೊಂಡ. ನಮ್ಮ ದೇಶದಲ್ಲಿ ಮನೆಬಾಗಿಲಿಗೆ ನೀಲಿ ಹೊದಿಕೆ ಹಾಕಿಕೊಂಡು ಬರುವವರು ಇಬ್ಬರೇ: ಪೈಪು ರಿಪೇರಿಯವನು ಮತ್ತು ಪುರಸಭೆಯ ಮನೆಸಹಾಯಕರು. ಇವನ ಕೈಯಲ್ಲಿ ಪಾನಾ ಇರಲಿಲ್ಲ.

ಆಗ್ನೆತಾ ಮೊದಲು ಅವನ ಕಾಲು ನೋಡಿದಳು, ಆಮೇಲೆ ಮುಖ.

"ಅಂತೂ ನೆನಪಾಯ್ತಲ್ಲ ನಿಮಗೆ. ಬಾಪ್ಪಾ. ಈ ಸಲ ಗಂಡಸನ್ನ ಕಳ್ಸಿದಾರೆ. ಅಡ್ಡಿಯಿಲ್ಲ, ಗಂಡಸರಿಗೆ ಸೋಫಾ ಎತ್ತೋಕಾಗುತ್ತೆ."

"ಇಲ್ಲ, ನಾನು ಬಂದಿದ್ದು—"

"ಲೇಟಾಗಿ ಬಂದಿದೀಯ, ಗೊತ್ತು. ಪ್ರತಿ ಸಲಾನೂ ಬೇರೆಯವರು, ಪ್ರತಿ ಸಲಾನೂ ಲೇಟು. ವ್ಯಾಕ್ಯೂಮ್ ಕ್ಲೀನರ್ ಆ ಕಪಾಟಲ್ಲಿದೆ. ಮೂಲೆ ಬಿಡ್ಬೇಡ."

ಇಷ್ಟು ಹೇಳಿ ಅವಳು ಕೊಳವೆಯನ್ನು ತಂದು ಅವನ ಕೈಗೇ ಕೊಟ್ಟಳು. ಆ ಕ್ಷಣದಲ್ಲಿ "ನಾನು ಪುರಸಭೆಯ ಸದಸ್ಯ, ಸಾಮಾಜಿಕ ನೀತಿಯ ಬಗ್ಗೆ ನಿಮ್ಮ ಅಭಿಪ್ರಾಯ ಕೇಳಲು ಬಂದೆ" ಎನ್ನಲು ಎಂಥ ಗುಂಡಿಗೆ ಬೇಕು. ನನ್ನ ಗಂಡ ಸ್ವಿಚ್ಚು ಹಾಕಿದ.

ಸಂಜೆ ಪ್ಯಾಂಟಿನ ಮಂಡಿಯ ಮೇಲೆ ಧೂಳು ಮೆತ್ತಿಕೊಂಡು ಮನೆಗೆ ಬಂದ. ಎಲ್ಲಿ ಬಿದ್ದೆ ಎಂದು ಕೇಳಿದೆ. "ಕ್ಷೇತ್ರ ಅಧ್ಯಯನ" ಎಂದ. ಮುಂದಿನ ಬುಧವಾರವೂ ಅಧ್ಯಯನ ಇತ್ತು. ಅದರ ಮುಂದಿನ ಬುಧವಾರವೂ. ಒಮ್ಮೆ ಶರ್ಟಿಗೆ ಸೋಪಿನ ವಾಸನೆ, ಒಮ್ಮೆ ಕೋಟಿನ ಜೇಬಿನಲ್ಲಿ ಕೇಕಿನ ತುಂಡು, ಕಾಗದದಲ್ಲಿ ಜೋಪಾನವಾಗಿ ಸುತ್ತಿದ್ದು. ಅಂಗಡಿಯಲ್ಲಿ ದುಡ್ಡು ಕೊಡುವ ಸಾಲಿನಲ್ಲಿ ಗಾಳಿಗಿರಣಿ ರಸ್ತೆಯ ಉಲ್ಲಾ ನನ್ನ ಹಿಂದೆ ನಿಂತು ಗಂಟಲು ಸರಿಮಾಡಿಕೊಳ್ಳುವವರೆಗೂ ಸುಮ್ಮನಿದ್ದೆ.

"ಸೋಲ್ವೈ, ನಾನೇನೂ ಬೇರೆಯವರ ಮನೆ ವಿಷಯಕ್ಕೆ ಹೋಗೋಳಲ್ಲ."

ಉಲ್ಲಾ ಹೀಗೆ ಶುರುಮಾಡಿದರೆ ವಿಷಯ ಮನೆಯದ್ದೇ ಎಂದು ಊರಿಗೆಲ್ಲ ಗೊತ್ತು.

"ನಿನ್ನ ಗಂಡ ಬುಧವಾರ ಬುಧವಾರ ಆಗ್ನೆತಾ ಮನೆಗೆ ಬರ್ತಾನೆ. ಕೋಟು ಬಿಚ್ಚಿಡ್ತಾನೆ. ನಮ್ಮ ಬೇಲಿ ಸಂದಿಯಿಂದ ಅಕಸ್ಮಾತ್ ಕಾಣುತ್ತೆ. ಅವಳಿಗೆ ಎಂಬತ್ತಾರು ಅನ್ನೋದು ನಿಜ, ಆದ್ರೆ ಆಮೇಲೆ ಇಬ್ಬರೂ ಕೂತ್ಕೊಂಡು ಕಾಫಿ ಕುಡೀತಾರೆ, ಒಳ್ಳೇ ಕಪ್ಪಲ್ಲಿ."

ಒಳ್ಳೇ ಕಪ್ಪು ಎಂದ ಮೇಲೆ ನನಗೆ ತಡೆಯಲಾಗಲಿಲ್ಲ. ಮುಂದಿನ ಬುಧವಾರ ನಾನೂ ಹೊರಟೆ. ಬಾಗಿಲು ತೆರೆದೇ ಇತ್ತು. ಒಳಗೆ ಹೋಗಿ ನೋಡಿದರೆ ಮದುವೆಯಾದಾಗಿನಿಂದ ನಮ್ಮ ಮನೆಯ ಕೇಕು ಬೇಯಿಸುವ ಒಲೆಯ ಬಾಗಿಲು ತೆಗೆದು ನೋಡದ ನನ್ನ ಗಂಡ, ಅವಳ ಒಲೆಯೊಳಗೆ ತಲೆ ತೂರಿಸಿಕೊಂಡು ತಿಕ್ಕುತ್ತಿದ್ದ. ಟೈಯನ್ನು ಬೆನ್ನ ಮೇಲೆ ಹಾಕಿಕೊಂಡಿದ್ದ. ಆಗ್ನೆತಾ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಮೇಲ್ವಿಚಾರಣೆ ನಡೆಸುತ್ತಿದ್ದಳು.

"ಎಡಗಡೆ ಇನ್ನೂ ಇದೆ. ಹಾಂ, ಅಲ್ಲೇ. ಸಂಬಳ ತಗೊಂಡ ಮೇಲೆ ನೆಟ್ಟಗೆ ಮಾಡ್ಬೇಕಪ್ಪ." ನನ್ನನ್ನು ಕಂಡು, "ನೀನ್ಯಾರು, ಇವನಿಗೆ ಕಲಿಸೋಕೆ ಬಂದೋಳಾ? ಒಳ್ಳೇದಾಯ್ತು. ಹುಡುಗ ಪಾಪ, ಮನಸ್ಸಿಟ್ಟು ಮಾಡ್ತಾನೆ, ಕೈ ಮಾತ್ರ ನಿಧಾನ" ಎಂದಳು.

"ನಾನು ಇವನ ಹೆಂಡತಿ" ಎಂದೆ.

ಒಲೆಯೊಳಗೆ ತಲೆ ಬಡಿದ ಸದ್ದಾಯಿತು.

"ಪ್ರೇಬೆನ್, ನಮ್ಮನೇಲೂ ಒಂದು ಒಲೆ ಇದೆ. ಅದರ ಅಧ್ಯಯನ ಯಾವಾಗ?"

ಅವನು ಹೊರಬಂದ. ಮೂಗಿನ ಮೇಲೆ ಮಸಿ. ನಾನು ಇನ್ನೂ ನಾಲ್ಕು ಮಾತು ಜೋಡಿಸಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಆಗ್ನೆತಾ ಕೈ ಚಾಚಿ ಅವನ ಶರ್ಟಿನ ತೋಳನ್ನು ಹಿಡಿದಳು. ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದಳು.

"ನೀನು ಇವನ ಹೆಂಡತಿ ಅಂದ್ರೆ, ಇವನು ಇದಾನೆ ಅಂತಾಯ್ತು. ಅಲ್ವಾ?"

ಆಮೇಲೆ ವಿಷಯ ಹೊರಬಂತು. ಪ್ರಯೋಗ ಹೇಗೆ ನಡೆದಿದೆ ಎಂದು ನೋಡಲು ಪುರಸಭೆಯಿಂದ ಬೋಡಿಲ್ ಎಂಬ ಅಧಿಕಾರಿ ಬಂದಿದ್ದಳಂತೆ. ನಮ್ಮಲ್ಲಿ ಪರಿಶೀಲನೆಗೆ ಜನ ಬರುತ್ತಾರೆಂದರೆ ಹೆಂಗಸರು ಮೊದಲು ಮನೆ ಒಪ್ಪ ಮಾಡುತ್ತಾರೆ. ಕೊಳೆ ನೋಡಲು ಬರುವವರಿಗೆ ಕೊಳೆ ಕಾಣದ ಹಾಗೆ ಮಾಡುವುದು ನಮ್ಮ ಸಂಸ್ಕಾರ. ಆಗ್ನೆತಾ ಬೆಳಗಾಗುವ ಮೊದಲೇ ಎದ್ದು, ಸೊಂಟ ಹಿಡಿದುಕೊಂಡು ಕಿಟಕಿ ಒರೆಸಿ, ಮೇಜಿಗೆ ಬಿಳಿ ಬಟ್ಟೆ ಹಾಸಿ, ಹೂವಿಟ್ಟು, ಕೇಕು ಬೇಯಿಸಿದ್ದಳು. ನೆಲ ಹೇಗೂ ನನ್ನ ಗಂಡನ ಕೃಪೆಯಿಂದ ಮಿರಿಮಿರಿ ಮಿಂಚುತ್ತಿತ್ತು. ಬೋಡಿಲ್‌ಗೆ ಬಹಳ ಸಂತೋಷವಾಯಿತು. ಸಹಾಯ ಕಡಿಮೆ ಮಾಡಿದ ಮೇಲೆ ಮನೆ ಇನ್ನೂ ಚೆನ್ನಾಗಿದೆ, ಈ ಅಜ್ಜಿ ಎಲ್ಲ ತಾನೇ ಮಾಡಿಕೊಳ್ಳುತ್ತಾಳೆ ಎಂದು ಬರೆದುಕೊಂಡಳು.

"ನಾನಲ್ಲ, ನಿಮ್ಮವನೇ ಮಾಡೋದು ಅಂದೆ" ಎಂದಳು ಆಗ್ನೆತಾ. "ಬುಧವಾರ ಬರ್ತಾನೆ, ಟೈ ಕಟ್ಟಿರ್ತಾನೆ ಅಂದೆ. ಅವಳು ಆಫೀಸಿಗೆ ಫೋನ್ ಮಾಡಿ ಕೇಳಿದ್ಲು. ಅಂಥವನು ಯಾರೂ ಇಲ್ಲವಂತೆ. ಆಮೇಲೆ ನನ್ನ ಕೈ ಹಿಡ್ಕೊಂಡು ಮೆಲ್ಲಗೆ ಮಾತಾಡೋಕೆ ಶುರು ಮಾಡಿದ್ಲು. ಮಕ್ಕಳ ಹತ್ರ ಮಾತಾಡೋ ಹಾಗೆ. ಇವತ್ತು ಯಾವ ವಾರ, ಹೇಳಿ ಆಗ್ನೆತಾ ಅಂದ್ಲು. ನನ್ನ ನೆನಪಿನ ಪರೀಕ್ಷೆ ಮಾಡಿಸ್ತಾರಂತೆ. ಒಬ್ಬಳೇ ಇರೋದು ಸರಿಯೋ ಅಲ್ವೋ ಅಂತ ಆಮೇಲೆ ನೋಡ್ತಾರಂತೆ." ಅವಳು ಇನ್ನೂ ತೋಳು ಬಿಟ್ಟಿರಲಿಲ್ಲ. "ಐದು ದಿನದಿಂದ ನಾನೇ ಯೋಚನೆ ಮಾಡ್ತಿದೀನಿ. ಇವನು ನಿಜವಾಗ್ಲೂ ಬರ್ತಾನಾ, ಇಲ್ಲ ನಾನೇ ಕಲ್ಪಿಸ್ಕೊಂಡ್ನಾ ಅಂತ."

ನಾನು ಇನ್ನೊಂದು ಕುರ್ಚಿ ಎಳೆದು ಅವಳ ಪಕ್ಕ ಕೂತೆ. ಜೋಡಿಸಿಟ್ಟಿದ್ದ ಮಾತೆಲ್ಲ ಮರೆತುಹೋಯಿತು.

"ನಿಮ್ಮ ತಲೆ ಸರಿಯಾಗಿದೆ" ಎಂದ ಪ್ರೇಬೆನ್. "ನಾನು ಇದ್ದೀನಿ. ಸೋಮವಾರ ಪುರಸಭೆ ಮೀಟಿಂಗಲ್ಲಿ ಎಲ್ಲರ ಮುಂದೆ ಹೇಳ್ತೀನಿ."

"ಮೀಟಿಂಗಿಗೆ ನಿಮ್ಮಂಥ ಕೆಲಸದವರನ್ನ ಬಿಡ್ತಾರಾ?"

"ಬಾಗಿಲ ಹತ್ರ ಒಂದು ಕುರ್ಚಿ ಕೊಟ್ಟಿದಾರೆ" ಎಂದ ನನ್ನ ಗಂಡ.

ದಾರಿಯಲ್ಲಿ ನಾನು ಅವನಿಗೆ ವಿಷಯ ಬಿಡಿಸಿ ಹೇಳಿದೆ. ಪ್ರಯೋಗದಲ್ಲಿ ಸಹಾಯ ಕಡಿಮೆಯಾಗಿಯೂ ಮನೆ ಹೊಳೆಯಿತು ಎಂದು ವಿಬೆಕೆ ತೋರಿಸುವುದು ಇದೇ ಮನೆಯನ್ನು. ಆ ಯೋಜನೆಯನ್ನು ಹೊಳೆಯಿಸಿದವನು ಅದನ್ನು ವಿರೋಧಿಸುವವನೇ. ಬಾಯಿಬಿಟ್ಟರೆ ಇಡೀ ಊರು ನಗುತ್ತದೆ, ಮುಂದಿನ ಚುನಾವಣೆಯಲ್ಲಿ ಬಾಗಿಲ ಪಕ್ಕದ ಕುರ್ಚಿಯೂ ಹೋಗುತ್ತದೆ. ಬಾಯಿಬಿಡದಿದ್ದರೆ ಯೋಜನೆ ಊರಿಗೆಲ್ಲ ಬರುತ್ತದೆ, ಆಗ್ನೆತಾಗೆ ಮರೆವಿನ ಹಣೆಪಟ್ಟಿ ಬೀಳುತ್ತದೆ.

"ಮೊದಲ ದಿನವೇ ಹೇಳಿಬಿಡೋಕೆ ಏನಾಗಿತ್ತು ನಿನಗೆ?"

"ಅವರು ಕೊಳವೆ ಕೈಗೆ ಕೊಟ್ಟಿದ್ರು ಸೋಲ್ವೈ" ಎಂದ. "ಹೊರಡುವಾಗ ಬರೋ ಬುಧವಾರನೂ ಬಾ ಅಂದ್ರು."

ಸೋಮವಾರ ನಾನು ಆಗ್ನೆತಾಳನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ, ಸಾರ್ವಜನಿಕರು ಕೂರುವ ಬೆಂಚಿನ ಮೇಲೆ ಕೂರಿಸಿದೆ. ಇವನನ್ನು ಸದಸ್ಯರ ನಡುವೆ ಕಂಡು ಅವಳಿಗೆ ಆಶ್ಚರ್ಯವಾಯಿತು. ಇಲ್ಲೂ ಇವನೇ ಗುಡಿಸುತ್ತಾನಾ ಎಂದು ನನ್ನ ಕಿವಿಯಲ್ಲಿ ಕೇಳಿದಳು.

ಗೋಡೆಯ ಮೇಲೆ ಬೋಡಿಲ್ ತೆಗೆದಿದ್ದ ಫೋಟೋ ಮೂಡಿತು. ಬಿಳಿ ಮೇಜುಬಟ್ಟೆ, ಹೂವು, ಮಿಂಚುವ ನೆಲ. "ಎಂಬತ್ತಾರು ವರ್ಷದ ಒಬ್ಬ ನಾಗರಿಕರು" ಎಂದಳು ವಿಬೆಕೆ. ಹೆಸರು ಹೇಳಲಿಲ್ಲ, ನಮ್ಮಲ್ಲಿ ಹೇಳುವ ಹಾಗಿಲ್ಲ. "ಸಹಾಯ ಅರ್ಧ ಆದ ಮೇಲೆ ಇವರೊಳಗಿನ ಶಕ್ತಿ ಎದ್ದು ನಿಂತಿದೆ. ಪ್ರಶ್ನೆಗಳಿದ್ರೆ ಕೇಳಿ. ಪ್ರೇಬೆನ್, ಕೇಳಿ."

ಪ್ರೇಬೆನ್ ಎದ್ದ. ಟೈ ಸರಿಮಾಡಿಕೊಂಡ.

"ಆ ನೆಲ ಒರೆಸಿದ್ದು ನಾನು."

"ಒಳ್ಳೇ ಪ್ರಶ್ನೆ—" ಎಂದು ಅಭ್ಯಾಸಬಲದಿಂದ ಶುರುಮಾಡಿದ ವಿಬೆಕೆ ನಿಂತುಬಿಟ್ಟಳು.

"ಇದು ಪ್ರಶ್ನೆ ಅಲ್ಲ" ಎಂದ ಪ್ರೇಬೆನ್. "ಪ್ರತಿ ಬುಧವಾರ ನಾನೇ ಹೋಗಿ ಒರೆಸಿದೀನಿ. ಅವರು ನನ್ನನ್ನ ಪುರಸಭೆ ಸಹಾಯಕ ಅಂದ್ಕೊಂಡ್ರು. ಅಲ್ಲ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಅವರು ಬೋಡಿಲ್‌ಗೆ ಹೇಳಿದ್ದು ಅಕ್ಷರ ಅಕ್ಷರವೂ ನಿಜ. ಅವರ ನೆನಪಿಗೆ ಏನೂ ಆಗಿಲ್ಲ. ತಪ್ಪು ನಂದು."

ಸಭೆಯಲ್ಲಿ ಪೇಸ್ಟ್ರಿ ಅಗಿಯುವುದನ್ನು ನಿಲ್ಲಿಸಿದ ಸಂದರ್ಭ ನಾನು ಕಂಡಿದ್ದು ಅದೊಂದೇ. ಮೊದಲು ಚೇತರಿಸಿಕೊಂಡವನು ಪುರಸಭೆಯ ಆಡಳಿತಾಧಿಕಾರಿ. ಶುಚಿತ್ವದ ತರಬೇತಿ ಪಡೆದಿದ್ದೀರಾ ಎಂದು ಕೇಳಿದ. ಇಲ್ಲ. ಸೋಫಾ ಎತ್ತುವಾಗ ಸೊಂಟ ಉಳುಕಿದ್ದರೆ ವಿಮೆಯ ಹೊಣೆ ಯಾರದ್ದಾಗುತ್ತಿತ್ತು, ಯೋಚಿಸಿದ್ದೀರಾ? ಇಲ್ಲ. ಒಲೆಗೆ ಯಾವ ದ್ರಾವಣ ಹಾಕಿದಿರಿ? "ಅವರೇ ಕೊಟ್ಟಿದ್ದು, ಹಸಿರು ಡಬ್ಬಿ" ಎಂದ ನನ್ನ ಗಂಡ. ಆಡಳಿತಾಧಿಕಾರಿ ಕಣ್ಣು ಮುಚ್ಚಿಕೊಂಡ. ಆಗ ನಗು ಶುರುವಾಯಿತು. ಮೇಜಿನ ಆ ಕೊನೆಯಿಂದ ಈ ಕೊನೆಗೆ ಹರಿದು ಬಂತು. ಪ್ರೇಬೆನ್ ನಿಂತೇ ಇದ್ದ, ಕಿವಿ ಕೆಂಪಾಗಿದ್ದವು.

ವಿಬೆಕೆ ಮಾತ್ರ ನಗಲಿಲ್ಲ. ಅವಳು ಮೇಯರ್ ಆಗಿರುವುದು ಸುಮ್ಮನೆ ಅಲ್ಲ.

"ಸ್ನೇಹಿತರೇ, ಇದು ನಗೋ ವಿಷಯ ಅಲ್ಲ" ಎಂದಳು. "ಸಹಾಯ ಕಡಿಮೆ ಆಯ್ತು. ಆಗ ಏನಾಯ್ತು? ಒಬ್ಬ ಮನುಷ್ಯ ತಾನಾಗೇ ಮುಂದೆ ಬಂದ. ನಾವು ಕಾಯ್ತಿದ್ದಿದ್ದು ಇದಕ್ಕೇ ಅಲ್ವಾ? ನೆರೆಹೊರೆಯ ಪ್ರೀತಿ. ಪ್ರೇಬೆನ್, ನಮ್ಮ ಯೋಜನೆ ಕೆಲಸ ಮಾಡುತ್ತೆ ಅಂತ ನಿಮಗಿಂತ ಚೆನ್ನಾಗಿ ಯಾರೂ ತೋರಿಸಿಲ್ಲ."

ಚಪ್ಪಾಳೆ ಬಿತ್ತು. ಮೇಜಿನ ಮೇಲಿನ ಹೂದಾನಿಯಿಂದ ಹೂ ತೆಗೆದು, ನೀರು ತೊಟ್ಟಿಕ್ಕುತ್ತಿದ್ದ ಹಾಗೆಯೇ, ಅವನ ಕೈಗೆ ಕೊಟ್ಟರು. ಕೈಗೆ ಕೊಟ್ಟದ್ದನ್ನು ಹಿಡಿದುಕೊಳ್ಳುವ ಮನುಷ್ಯ ಅವನು. ಹಿಡಿದುಕೊಂಡ.

ಆಗ ನನ್ನ ಪಕ್ಕದಲ್ಲಿ ಆಗ್ನೆತಾ ಎದ್ದು ನಿಂತಳು. ಸಾರ್ವಜನಿಕರು ಮಾತಾಡುವಂತಿಲ್ಲ ಎಂದು ಆಡಳಿತಾಧಿಕಾರಿ ಬೆರಳೆತ್ತಿದ. ಅವಳು ಆ ಕಡೆ ನೋಡಲೂ ಇಲ್ಲ, ಪ್ರೇಬೆನ್‌ನನ್ನೇ ನೋಡಿದಳು.

"ನೀನು ಬಿಟ್ಟಿ ಮಾಡ್ತಿದ್ಯಾ?"

ಅವನು ತಲೆತಗ್ಗಿಸಿದ.

"ಒಲೆ ಒಳಗೆ ತಲೆ ಹಾಕಿ ತಿಕ್ಕು ಅಂದೆನಲ್ಲೋ. ಮೂಲೆ ಬಿಟ್ಟೆ ಅಂತ ಬೈದೆ. ಜೀವಮಾನ ತೆರಿಗೆ ಕಟ್ಟಿದೀನಿ, ಕೇಳೋ ಹಕ್ಕಿದೆ ಅಂತ ಬೈದೆ. ಧರ್ಮಕ್ಕೆ ಮಾಡ್ತಿದಾನೆ ಅಂತ ಗೊತ್ತಿದ್ರೆ ನಾನು ಬಾಯಿ ಬಿಡ್ತಿದ್ನಾ? ಧರ್ಮಕ್ಕೆ ಬಂದೋರಿಗೆ ಮೂಲೆ ತೋರ್ಸೋಕಾಗುತ್ತಾ?"

ಆಮೇಲೆ ವಿಬೆಕೆಯ ಕಡೆ ತಿರುಗಿ, "ಇವನು ಬಂದಿದ್ದು ಪ್ರೀತಿಗಲ್ಲ ತಾಯಿ. ದಾಕ್ಷಿಣ್ಯಕ್ಕೆ" ಎಂದು ಹೇಳಿ ಕುಳಿತಳು.

ಮತಕ್ಕೆ ಹಾಕಿ ಕೈ ಎತ್ತಿಸಿದರು. ಯೋಜನೆ ಪಾಸಾಯಿತು. ವಿರುದ್ಧವಾಗಿ ಎದ್ದದ್ದು ಒಂದೇ ಕೈ, ಅದರಲ್ಲಿ ಹೂಗುಚ್ಛವಿತ್ತು. ನೆನಪಿನ ಪರೀಕ್ಷೆಯನ್ನು ಮಾತ್ರ ಕೈಬಿಟ್ಟರು. ಬೋಡಿಲ್ ಖುದ್ದಾಗಿ ಬಂದು ಕ್ಷಮೆ ಕೇಳಿದಳು. ಇವತ್ತು ಯಾವ ವಾರ, ಹೇಳಮ್ಮಾ ಎಂದು ಆಗ್ನೆತಾ ಅವಳನ್ನು ಕೇಳಿದಳಂತೆ.

ಊರು ಒಂದಿಷ್ಟು ದಿನ ನಕ್ಕಿತು. ಅಂಗಡಿಯಲ್ಲಿ ಹೆಂಗಸರು ಇವನನ್ನು ತಡೆದು, ನಮ್ಮ ಕಿಟಕಿಗೆ ಯಾವಾಗ ಬರುತ್ತೀರಿ ಎಂದು ಕೇಳಿದರು. ಬರಲ್ಲ ಎನ್ನಲಾಗದೆ ಇವನು ಅಂಗಡಿಗೆ ಹೋಗುವುದನ್ನೇ ಬಿಟ್ಟ. ಬುಧವಾರ ಬಂದರೆ ಮಾತ್ರ ಮನೆಯೊಳಗೆ ಸುಮ್ಮನೆ ಓಡಾಡುತ್ತಿದ್ದ. ಕೊನೆಗೊಂದು ಬುಧವಾರ ಆಗ್ನೆತಾಳಿಂದ ಫೋನು ಬಂತು. ಇಬ್ಬರೂ ಕಾಫಿಗೆ ಬರಬೇಕಂತೆ.

ಅವಳು ಬಾಗಿಲು ತೆರೆದು, ನಮ್ಮ ಕೋಟುಗಳನ್ನು ತಾನೇ ತೆಗೆದುಕೊಂಡು ನೇತುಹಾಕಿದಳು. ಪ್ರೇಬೆನ್‌ನ ಕಣ್ಣು ಕಪಾಟಿನ ಕಡೆ ಹೋದದ್ದನ್ನು ಅವಳೂ ಕಂಡಳು, ನಾನೂ ಕಂಡೆ. "ಕೂತ್ಕೋ. ನೀನು ಇವತ್ತು ನೆಂಟ" ಎಂದಳು.

ಕೂತೆವು. ಮೇಜುಬಟ್ಟೆ ಬೆಳ್ಳಗಿತ್ತು, ಕಪ್ಪುಗಳು ಒಳ್ಳೆಯವು. ನೆಲ ಹಾಗಿರಲಿಲ್ಲ. ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದು ಎಲ್ಲವನ್ನೂ ತೋರಿಸುತ್ತಿತ್ತು: ಒಲೆಯ ಮುಂದಿನ ಎಣ್ಣೆಕಲೆ, ಮೂಲೆಯ ಚೂರುಪಾರು, ಸೋಫಾದ ಕೆಳಗೆ ಉಂಡೆಗಟ್ಟಿದ ಧೂಳು. ಸಹಾಯಕಿ ಬರುವುದಕ್ಕೆ ಇನ್ನೂ ಬಹಳ ದಿನಗಳಿದ್ದವು. ಆಗ್ನೆತಾ ಬಗ್ಗುವ ಹಾಗಿರಲಿಲ್ಲ. ಕಿಟಕಿ ಒರೆಸಿದ ದಿನದಿಂದ ಅವಳ ಸೊಂಟ ಮತ್ತೆ ನೆಟ್ಟಗಾಗಿರಲಿಲ್ಲ. ಸಭ್ಯ ನೆಂಟರು ಮಾಡುವ ಹಾಗೆ ನಾವು ಹವೆಯ ಬಗ್ಗೆ ಮಾತಾಡಿದೆವು. ಪ್ರೇಬೆನ್‌ಗೆ ತಡೆಯಲಾಗಲಿಲ್ಲ. ಕಪ್ಪು ಕೆಳಗಿಟ್ಟು, ಏನೋ ಬಿದ್ದಿತೆಂಬಂತೆ ಬಗ್ಗಿ, ಧೂಳಿನ ಉಂಡೆಯ ಕಡೆ ಕೈ ಚಾಚಿದ.

"ಬಿಡು" ಎಂದಳು ಆಗ್ನೆತಾ. "ಮುಟ್ಬೇಡ."

"ಎರಡು ನಿಮಿಷದ ಕೆಲಸ, ಅಷ್ಟೇ."

"ನಿನ್ನ ಕೆಲಸ ಅದಲ್ಲ. ನಿನ್ನ ಕೆಲಸ ಏನು ಅಂತ ಸೋಲ್ವೈ ನನಗೆ ಹೇಳಿದಾಳೆ. ಬಾಗಿಲ ಹತ್ರ ಕೂತು ಕೇಳೋದು. ಅದನ್ನ ಮಾಡು. ಇದನ್ನ ಚೆನ್ನಾಗಿ ನೋಡ್ಕೋ. ಮೂಲೆ ನೋಡು. ಅಲ್ಲಿ, ಒಲೆ ಮುಂದೆನೂ ನೋಡು."

ಅವನು ನೋಡಿದ. ಅವಳು ಬೆರಳು ತೋರಿಸಿದಲ್ಲೆಲ್ಲ ನಿಧಾನವಾಗಿ ನೋಡಿದ. ಅವಳ ಮುಖ ಕೆಂಪಾಗಿತ್ತು. ಪರಿಶೀಲನೆಗೆ ಬರುವವರಿಗೂ ಕಿಟಕಿ ಒರೆಸಿಟ್ಟ ಹೆಂಗಸು ಅವಳು. ನನಗೆ ಅಲ್ಲಿಂದ ಎದ್ದು ಹೋಗಬೇಕು ಅನ್ನಿಸಿತು, ಅಷ್ಟು ಸಂಕಟವಾಯಿತು.

"ಮುಂದಿನ ಮೀಟಿಂಗಲ್ಲಿ ಹೇಳ್ತೀನಿ" ಎಂದ ಪ್ರೇಬೆನ್. "ಗಾಳಿಗಿರಣಿ ರಸ್ತೆಯ ಒಬ್ಬ ನಾಗರಿಕರ ಮನೇಲಿ—"

"ಒಬ್ಬ ನಾಗರಿಕರು ಅಂದ್ರೆ ಯಾರಿಗೂ ಏನೂ ಅನ್ಸಲ್ಲ. ಹೆಸರು ಹೇಳು. ಆಗ್ನೆತಾ ಮನೆ ನೆಲ ಗಲೀಜಾಗಿದೆ ಅಂತ ಹೇಳು, ನಾನೇ ಹೇಳೋಕೆ ಹೇಳಿದೆ ಅಂತನೂ ಹೇಳು." ಅವಳು ಅವನ ಕಪ್ಪಿಗೆ ಕಾಫಿ ಬಗ್ಗಿಸಿದಳು. ಸ್ವಲ್ಪ ಬಿಳಿ ಬಟ್ಟೆಯ ಮೇಲೆ ಚೆಲ್ಲಿತು. ಒರೆಸಲಿಲ್ಲ. "ನಮ್ಮಮ್ಮ ಬದುಕಿದ್ದು ಈ ಮಾತು ಕೇಳಿದ್ರೆ ನಾಚಿಕೇಲೇ ಸತ್ತುಹೋಗ್ತಿದ್ಲು. ಆದ್ರೂ ಹೇಳು."